ಮೂರು ವರ್ಷ ಆಡಿದ ಮರದ ಬ್ಲಾಕ್ಸ್: ಎರಡು ಅರ್ಧ ಸೇರಿದರೆ ಒಂದು ಆಗಲೇಬೇಕು

ಈ ನೂರು ತುಂಡಿನ ಮರದ ಬ್ಲಾಕ್ಸ್ ಸೆಟ್ ನಮ್ಮ ಮನೆಗೆ ಬಂದು ಮೂರು ವರ್ಷ ದಾಟಿತು. ಆಗ ಮಗಳಿಗೆ ಎರಡೂವರೆ ವರ್ಷ, ಈಗ ಆರು ತುಂಬುತ್ತಾ ಬಂದಿದೆ. ಅವಳ ತಮ್ಮನೂ ಆಟಕ್ಕೆ ಸೇರಿಕೊಂಡಿದ್ದಾನೆ. ತಂದ ವಾರವೇ ವಿಮರ್ಶೆ ಬರೆದಿದ್ದರೆ ಎರಡು ಸ್ಟಾರ್ ಕೊಡುತ್ತಿದ್ದೆ, ಯಾಕಂದ್ರೆ ಆ ವಾರ ಅವಳು ಏನೂ ಕಟ್ಟಲಿಲ್ಲ. ಒಂದೊಂದೇ ತುಂಡು ಎತ್ತಿಕೊಂಡು ಈ ಕೋಣೆಯಿಂದ ಆ ಕೋಣೆಗೆ ಹೊತ್ತಳು, ಅಷ್ಟೇ. ನಾನು ಪಕ್ಕದಲ್ಲಿ ಕೂತು ಗೋಪುರ ಕಟ್ಟಿ ತೋರಿಸಿದೆ. ಅವಳು ತಿರುಗಿಯೂ ನೋಡಲಿಲ್ಲ. ಎರಡು ತುಂಡು ಕಂಕುಳಲ್ಲಿ ಇಟ್ಟುಕೊಂಡು ಹೊರಟೇ ಹೋದಳು.

ಆಮೇಲೆ ಗೊತ್ತಾಯಿತು, ಬ್ಲಾಕ್ಸ್ ಆಟ ಶುರುವಾಗುವುದೇ ಹೀಗೆ ಅಂತ. ಹ್ಯಾರಿಯೆಟ್ ಜಾನ್ಸನ್ ಅನ್ನುವ ಅಮೆರಿಕದ ಶಿಕ್ಷಕಿ ತಮ್ಮ ನರ್ಸರಿಯ ಮಕ್ಕಳನ್ನು ನೋಡಿ ನೋಡಿ 1933ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಮೊದಲು ಹೊರುವುದು. ಆಮೇಲೆ ಸಾಲು ಜೋಡಿಸುವುದು, ಒಂದರ ಮೇಲೊಂದು ಇಡುವುದು. ನಂತರ ಸೇತುವೆ, ಸುತ್ತ ಗೋಡೆ. ಕಟ್ಟಿದ್ದಕ್ಕೆ ಹೆಸರಿಟ್ಟು ಅದರೊಳಗೆ ಕಥೆ ಆಡುವುದು ಇನ್ನೂ ಮುಂದಿನ ಮಾತು. ಕೈಯಲ್ಲಿ ಭಾರ ಹಿಡಿದು ನೋಡದೆ ಮಗು ಕಟ್ಟುವುದಾದರೂ ಹೇಗೆ, ಅಲ್ವಾ? ಹಾಗಾಗಿ ಈ ಥರದ ಸೆಟ್ ತಂದವರಿಗೆ ನನ್ನ ಮೊದಲ ಮಾತು: ಮೊದಲ ತಿಂಗಳು ನೋಡಿ ತೀರ್ಮಾನ ಮಾಡಬೇಡಿ.

ಈಗ ಸೆಟ್ ಬಗ್ಗೆ. ಇದು ಬಣ್ಣ ಹಚ್ಚದ ಗಟ್ಟಿ ಮರ. ಅಕ್ಷರ, ಅಂಕಿ, ಪ್ರಾಣಿಯ ಚಿತ್ರ ಏನೂ ಇಲ್ಲ. ಮೂಲ ತುಂಡಿನ ದಪ್ಪ ಸುಮಾರು 3.5 ಸೆಂ.ಮೀ., ಅಗಲ 7, ಉದ್ದ 14. ಅಂದರೆ ಅಗಲ ದಪ್ಪದ ಎರಡರಷ್ಟು, ಉದ್ದ ಅಗಲದ ಎರಡರಷ್ಟು. ಉಳಿದವೆಲ್ಲ ಇದರ ಅರ್ಧ, ಎರಡರಷ್ಟು, ನಾಲ್ಕರಷ್ಟು. ಜೊತೆಗೆ ತ್ರಿಕೋನ, ಇಳಿಜಾರು, ಸಿಲಿಂಡರ್, ಕಮಾನು. ಈ ಅಳತೆ 20ನೇ ಶತಮಾನದ ಶುರುವಿನಲ್ಲಿ ನ್ಯೂಯಾರ್ಕ್‌ನ ಶಿಕ್ಷಕಿ ಕ್ಯಾರೊಲೈನ್ ಪ್ರ್ಯಾಟ್ ಮಾಡಿದ್ದು. ಅವರು 1914ರಲ್ಲಿ ಶುರು ಮಾಡಿದ ಶಾಲೆಯಲ್ಲಿ ಮಕ್ಕಳು ಇಂಥ ಬ್ಲಾಕ್ಸ್‌ನಲ್ಲೇ ತಾವು ನೋಡಿದ ಊರು, ಬಂದರು, ರೈಲು ಎಲ್ಲ ಕಟ್ಟುತ್ತಿದ್ದರು. ಇವತ್ತು ಬೇರೆ ಬೇರೆ ಕಂಪನಿಗಳು ಮಾಡುವುದೂ ಅದೇ ಲೆಕ್ಕದಲ್ಲಿ.

ಈ ಲೆಕ್ಕವೇ ಇಡೀ ಆಟಿಕೆಯ ಜೀವ. ಮಗಳು ಉದ್ದನೆಯ ತುಂಡು ಹುಡುಕುತ್ತಾಳೆ, ಸಿಗುವುದಿಲ್ಲ, ಎರಡು ಚಿಕ್ಕದು ಇಟ್ಟು ನೋಡುತ್ತಾಳೆ, ಸರಿಯಾಗಿ ಕೂರುತ್ತದೆ. ಅರ್ಧ ಮತ್ತು ಅರ್ಧ ಸೇರಿದರೆ ಒಂದು ಅಂತ ಯಾರೂ ಹೇಳಿಕೊಡಲಿಲ್ಲ. ಮರ ಹೇಳಿಕೊಟ್ಟಿತು. ಆದರೆ ಮರ ನಿಜ ಹೇಳಬೇಕಾದರೆ ಅದನ್ನು ಸರಿಯಾಗಿ ಕತ್ತರಿಸಿರಬೇಕು, ನಮ್ಮ ಸೆಟ್ ಎಡವಿದ್ದು ಇಲ್ಲೇ. ನಾಲ್ಕು ಅರ್ಧ ತುಂಡುಗಳು ಎರಡು ಮಿಲಿಮೀಟರ್ ಕಡಿಮೆ ಇದ್ದವು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ದಿನ ಮಗಳು ಮಹಡಿ ಕಟ್ಟುವಾಗ ಮೇಲಿನ ಹಲಗೆ ಅಲ್ಲಾಡಿತು. ತೆಗೆದು ಇಟ್ಟಳು, ಮತ್ತೆ ಅಲ್ಲಾಡಿತು. ಆಮೇಲೆ ಕೆಳಗಿನ ಕಂಬಗಳನ್ನು ಪಕ್ಕಪಕ್ಕ ನಿಲ್ಲಿಸಿ ಮೇಲೆ ಬೆರಳು ಎಳೆದು ನೋಡಿ, "ಅಮ್ಮಾ, ಇದು ಅರ್ಧ ಅಲ್ಲ, ಅರ್ಧಕ್ಕಿಂತ ಕಮ್ಮಿ" ಅಂದಳು. ಆಗ ಅವಳಿಗೆ ನಾಲ್ಕು ವರ್ಷ. ಕಂಪನಿಗೆ ಬರೆದೆ. ಮೂರು ಸಲ ಬರೆದ ಮೇಲೆ, ಎರಡು ತಿಂಗಳು ಬಿಟ್ಟು ಬದಲಿ ತುಂಡು ಬಂತು. ಇದು ಸಣ್ಣ ತಪ್ಪಲ್ಲ. ಗೊಂಬೆಯ ಅಂಗಿ ಒಂದು ಎಳೆ ಗಿಡ್ಡ ಆದರೆ ನಡೆಯುತ್ತದೆ, ಇಲ್ಲಿ ಅಳತೆಯೇ ಪಾಠ. ನೀವು ಯಾವ ಕಂಪನಿಯದ್ದೇ ತಗೊಳ್ಳಿ, ಬಂದ ದಿನವೇ ಅರ್ಧ ತುಂಡುಗಳನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ ಮೇಲೆ ಬೆರಳು ಎಳೆದು ನೋಡಿ.

ಅಂಚುಗಳನ್ನು ಚೆನ್ನಾಗಿ ಉಜ್ಜಿದ್ದಾರೆ. ಮೂರು ವರ್ಷದಲ್ಲಿ ಸಿಬಿರು ಚುಚ್ಚಿದ್ದು ಒಂದೇ ಸಲ, ಅದೂ ಜೋರಾಗಿ ಬಿದ್ದು ಮೂಲೆ ಒಡೆದ ತುಂಡಿನಿಂದ. ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದೆ, ಸರಿಹೋಯಿತು. ಬಿದ್ದಾಗ ಸದ್ದು ಜಾಸ್ತಿ. ದಪ್ಪ ಮೆತ್ತೆ ಹಾಸಿದರೆ ಸದ್ದು ಕಡಿಮೆಯಾಗುತ್ತದೆ, ಆದರೆ ಗೋಪುರ ವಾಲುತ್ತದೆ, ಮಗುವಿಗೆ ತಪ್ಪು ತನ್ನದೇ ಅನಿಸುತ್ತದೆ. ತೆಳುವಾದ ಜಮಖಾನೆ ಸಾಕು.

ಪೆಟ್ಟಿಗೆಯ ಜೊತೆ 24 ಕಾರ್ಡ್ ಬಂದಿವೆ, ಮಾದರಿ ನೋಡಿ ಕಟ್ಟಲು. ಕೋಟೆ, ಲಾರಿ, ದೀಪಸ್ತಂಭ. ನನಗೆ ಈ ಸೆಟ್‌ನಲ್ಲಿ ಇಷ್ಟವಾಗದ ಭಾಗ ಇದೇ. ಮೂರೂವರೆ ವರ್ಷದಲ್ಲಿ ಅವಳಿಗೆ ಈ ಕಾರ್ಡ್ ಕೊಟ್ಟೆ, ಏನೋ ಕಲಿಯುತ್ತಾಳೆ ಅಂತ. ಅಲ್ಲಿಯವರೆಗೆ ತನ್ನಷ್ಟಕ್ಕೆ ಗುನುಗುತ್ತಾ ಆಡುತ್ತಿದ್ದವಳು ಒಂದೊಂದು ತುಂಡು ಇಟ್ಟು ನನ್ನ ಮುಖ ನೋಡತೊಡಗಿದಳು. "ಸರೀನಾ?" ಇನ್ನೊಂದು ಇಟ್ಟು, "ಇದು ಸರೀನಾ?" ಕಾರ್ಡ್‌ನಲ್ಲಿ ಇದ್ದ ಹಾಗೆ ಬರಲಿಲ್ಲ ಅಂದರೆ ಅಳು. ಒಂದು ವಾರ ನೋಡಿ ಕಾರ್ಡ್‌ಗಳನ್ನು ಎತ್ತಿಟ್ಟೆ. "ಸರೀನಾ" ಹೋಗಲು ಇನ್ನೂ ಎರಡು ವಾರ ಬೇಕಾಯಿತು, ಅದನ್ನು ನೆನೆಸಿಕೊಂಡರೆ ಇವತ್ತಿಗೂ ಬೇಜಾರು. ಮಗು ತಾನೇ ಒಂದು ಕೆಲಸ ಹಾಕಿಕೊಂಡು, ತಾನೇ ಸೋತು, ತಾನೇ ದಾರಿ ಹುಡುಕುವುದು ಆಟ. ನಾವು ಹಾಕಿಕೊಟ್ಟ ಕೆಲಸವನ್ನು ಬಣ್ಣಬಣ್ಣದ ಕಾರ್ಡ್‌ನಲ್ಲಿ ಕೊಟ್ಟರೂ ಅದು ಕೆಲಸವೇ. ಆಟದ ಮೂಲಕ ಕಲಿಕೆ ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದು ಒಳಗೆ ಇದನ್ನು ಇಡಬಾರದಿತ್ತು. (ಈಗ, ಆರರ ಹತ್ತಿರ, ಅವಳೇ ಕಾರ್ಡ್ ಕೇಳಿ ತಗೊಂಡು ನೋಡಿ ಕಟ್ಟುತ್ತಾಳೆ, ಖುಷಿಯಾಗಿ. ಅದು ಬೇರೆ.)

ಹಾಗಂತ ದೊಡ್ಡವರು ಪೂರ್ತಿ ದೂರ ಇರಬೇಕು ಅಂತಲೂ ಅಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಸೇತುವೆ ಕಟ್ಟುವುದು ಅವಳಿಗೆ ವಾರಗಟ್ಟಲೆ ಬರಲಿಲ್ಲ. ಎರಡು ಕಂಬ ದೂರ ನಿಲ್ಲಿಸುತ್ತಾಳೆ, ಮೇಲಿನ ಹಲಗೆ ಎಟುಕುವುದಿಲ್ಲ, ನಡುವೆ ಬಿದ್ದುಹೋಗುತ್ತದೆ. ನನ್ನ ಕೈ ತುರಿಸುತ್ತಿತ್ತು, ಕಂಬವನ್ನು ಒಂದು ಗೇಣು ಒಳಗೆ ಸರಿಸಿದರೆ ಮುಗಿಯಿತು. ಸರಿಸಲಿಲ್ಲ. "ಹಲಗೆಗೆ ಏನು ಬೇಕಂತೆ ಕೇಳು" ಅಂದೆ ಅಷ್ಟೇ. ಅವಳು ಹಲಗೆಯನ್ನು ಕಿವಿಗೆ ಇಟ್ಟುಕೊಂಡಳು. ಆಮೇಲೆ ನೆಲದ ಮೇಲೆ ಎರಡು ಕಂಬದ ನಡುವೆ ಮಲಗಿಸಿದಳು. ಆಗ ಕಂಡಿತು, ಕಂಬ ಎಷ್ಟು ದೂರ ಇದೆ, ಹಲಗೆ ಎಷ್ಟು ಉದ್ದ ಇದೆ ಅಂತ. ಕಂಬವನ್ನು ಹತ್ತಿರ ತಂದಳು. ಹಲಗೆ ಕೂತಿತು. ಅವತ್ತು ಸಂಜೆ ಮನೆಯ ತುಂಬಾ ಸೇತುವೆಗಳು, ಚಪ್ಪಲಿಗಳ ಮೇಲೂ.

ಪ್ರೀಸ್ಕೂಲ್‌ನವರು ಆ ದಿನಗಳಲ್ಲೇ ನಮ್ಮನ್ನು ಕರೆದು, ಅಕ್ಷರ ತಿದ್ದಿಸಿ, ಮನೆಯಲ್ಲಿ ಆಟ ಜಾಸ್ತಿ ಆಯಿತು ಅಂದಿದ್ದರು. ಅತ್ತೆಯವರೂ, "ಸುಮ್ನೆ ಆಡಿಸ್ತಾ ಕೂತ್ರೆ ಬರೆಯೋದು ಯಾವಾಗಮ್ಮಾ?" ಅಂದರು. ಅವರ ಆತಂಕ ನನಗೂ ಅರ್ಥವಾಗುತ್ತಿತ್ತು, ನನಗೂ ಇತ್ತು. ನಾನು ಮಾಡಿದ್ದು ಇಷ್ಟೇ: ಬ್ಲಾಕ್ಸ್ ಪಕ್ಕದಲ್ಲಿ ಕಾಗದ, ಪೆನ್ಸಿಲ್, ಅಂಟು ಟೇಪ್ ಇಟ್ಟೆ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳು ಬ್ಲಾಕ್ಸ್‌ನಲ್ಲಿ ಕಟ್ಟಿದ ಆಸ್ಪತ್ರೆಯ ಮುಂದೆ ಚೀಟಿ ಅಂಟಿತ್ತು. "ಮುಟಬೇಡಿ." ಒತ್ತಕ್ಷರ ಬಂದಿರಲಿಲ್ಲ. ತಮ್ಮನಿಗೆ ಓದಲು ಬರುವುದಿಲ್ಲ ಅನ್ನುವುದು ಆಮೇಲೆ ಹೊಳೆದು, ಕೈಯ ಚಿತ್ರ ಬರೆದು ಅದರ ಮೇಲೆ ಗೀಟು ಎಳೆದಳು. ಆ ಚೀಟಿಯನ್ನು ಎತ್ತಿಟ್ಟವರು ಅತ್ತೆಯವರೇ.

ಹೋಲಿಸಿ ನೋಡಲು ನಮ್ಮಲ್ಲಿ ಇನ್ನೊಂದು ಆಟಿಕೆಯೂ ಇತ್ತು, ಗುಂಡಿ ಒತ್ತಿದರೆ ಅಕ್ಷರ ಹೇಳುವ ಬ್ಯಾಟರಿಯದ್ದು. ನಾಲ್ಕು ದಿನಕ್ಕೆ ಎಲ್ಲ ಗುಂಡಿ ಒತ್ತಿ ಮುಗಿಯಿತು. ಅದು ಮಾತಾಡುತ್ತಿತ್ತು, ಇವಳು ಸುಮ್ಮನಿರುತ್ತಿದ್ದಳು. ಬ್ಲಾಕ್ಸ್ ಸುಮ್ಮನಿರುತ್ತವೆ, ಇವಳು ಒಂದೇ ಸಮ ಮಾತಾಡುತ್ತಾಳೆ. ಡಾಕ್ಟರ್ ಒಬ್ಬಳು, ರೋಗಿ ಒಬ್ಬ, ಬಾಗಿಲು ಕಾಯುವವನೊಬ್ಬ, ಎಲ್ಲರ ಮಾತೂ ಇವಳದ್ದೇ. ಮಕ್ಕಳ ವೈದ್ಯ ಡಿಮಿಟ್ರಿ ಕ್ರಿಸ್ಟಾಕಿಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿರುವ ಮನೆಗಳಿಗೆ ಬ್ಲಾಕ್ಸ್ ಕೊಟ್ಟು ಆರು ತಿಂಗಳು ನೋಡಿದ್ದರು, 2007ರಲ್ಲಿ ಅದು ಪ್ರಕಟವಾಯಿತು. ಬ್ಲಾಕ್ಸ್ ಸಿಕ್ಕ ಮಕ್ಕಳಿಗೆ ಭಾಷೆಯಲ್ಲಿ ಜಾಸ್ತಿ ಅಂಕ ಬಂದಿತ್ತು. ಗಮನದ ವಿಷಯದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಹಣ ಕೊಟ್ಟಿದ್ದೂ ಬ್ಲಾಕ್ಸ್ ಮಾಡುವ ಕಂಪನಿಯೇ, ಅದನ್ನು ಮರೆಯಬಾರದು. ನಮ್ಮ ಪೆಟ್ಟಿಗೆ ಮೇಲೆ "ಬುದ್ಧಿಮತ್ತೆ ಹೆಚ್ಚಿಸುತ್ತದೆ" ಅಂತ ಇದೆಯಲ್ಲ, ಅದನ್ನು ನಂಬಿ ತಗೊಳ್ಳಬೇಡಿ.

ಪೆಟ್ಟಿಗೆಯ ವಿಷಯ ಬಂತಲ್ಲ, ಅದೂ ಸರಿಯಿಲ್ಲ. ಆಳವಾದ ರಟ್ಟಿನ ಡಬ್ಬ, ಎಲ್ಲವನ್ನೂ ಸುರಿದು ತುಂಬಬೇಕು. ಕಮಾನು ಬೇಕಾದರೆ ತಳದವರೆಗೂ ಕೈ ಹಾಕಿ ಕೆದಕಬೇಕು. ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಪುಟ್ಟ ಮಕ್ಕಳ ಶಾಲೆ ಶುರು ಮಾಡಿದರು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟವರೂ ಅವರೇ. ಅವರ ಎಂಟು ಪುಟ್ಟ ಘನಗಳು ಒಂದು ಪುಟ್ಟ ಮರದ ಪೆಟ್ಟಿಗೆಯಲ್ಲಿ ಕರಾರುವಾಕ್ಕಾಗಿ ಕೂರುತ್ತಿದ್ದವು, ಆಡಿ ಮುಗಿದ ಮೇಲೆ ಮತ್ತೆ ಜೋಡಿಸಿದರೆ ಒಂದೇ ದೊಡ್ಡ ಘನ. ಎತ್ತಿಡುವುದೂ ಆಟವೇ ಆಗಿತ್ತು. ನಾವು ಡಬ್ಬ ಬಿಸಾಕಿ, ತಗ್ಗಿನ ತೆರೆದ ಕಪಾಟಿನಲ್ಲಿ ಒಂದೊಂದು ಆಕಾರದ ಗೆರೆ ಬರೆದು ಅಂಟಿಸಿದೆವು. ಈಗ ತಮ್ಮನೂ ಸರಿಯಾದ ಜಾಗ ನೋಡಿ ಇಡುತ್ತಾನೆ.

ಅವನಿಗೆ ಇನ್ನೂ ಎರಡೇ ವರ್ಷ. ಹಾಗಾಗಿ ಒಂದು ಎಚ್ಚರಿಕೆ. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು 31.7 ಮಿ.ಮೀ. ಅಗಲದ ಒಂದು ಕೊಳವೆ ಬಳಸುತ್ತಾರೆ, ಅದರೊಳಗೆ ಪೂರ್ತಿ ಇಳಿಯುವ ತುಂಡು ಗಂಟಲಿಗೆ ಸಿಕ್ಕೀತು. ಈ ಸೆಟ್‌ನ ಆರು ಸಣ್ಣ ತುಂಡುಗಳು ಆ ಅಳತೆಯೊಳಗೆ ಬರುತ್ತವೆ, ಪೆಟ್ಟಿಗೆ ಮೇಲೆ ಮಾತ್ರ ಎರಡು ವರ್ಷದಿಂದ ಅಂತ ಇದೆ. ಆ ಆರನ್ನು ತೆಗೆದಿಟ್ಟಿದ್ದೇನೆ, ನೀವೂ ತೆಗೆದಿಡಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಡಿಮೆ ಮಾಡಿದ್ದು ಅಳತೆ ತಪ್ಪಿ ಕತ್ತರಿಸಿದ್ದಕ್ಕೆ ಮತ್ತು ಪೆಟ್ಟಿಗೆ ಮೇಲಿನ ವಯಸ್ಸಿನ ತಪ್ಪು ಗುರುತಿಗೆ. ಒಂದು ಮಗುವಿಗೆ ನೂರು ತುಂಡು ಧಾರಾಳ, ಇಬ್ಬರಿಗೆ ಸಾಕು, ನಾಲ್ಕು ಮಕ್ಕಳು ಸೇರಿದರೆ ಜಗಳ ಖಂಡಿತ. ಕಮಾನು ಇರುವುದು ನಾಲ್ಕೇ, ಬಿಡಿಯಾಗಿ ಮಾರುವುದಿಲ್ಲ ಅನ್ನುತ್ತಾರೆ. ದಯವಿಟ್ಟು ಮಾರಿ. ಈಗ ನಮ್ಮ ಮನೆಯಲ್ಲಿ ರೈಲು ನಿಲ್ದಾಣಕ್ಕೆ ಐದನೆಯ ಬಾಗಿಲು ಬೇಕಾಗಿದೆ.