ಚಿಮಣಿ ಕ್ಲೀನ್ ಮಾಡಿಸಿದ ಮೇಲೇ ನಮ್ಮನೆಗೆ ಬೆಂಕಿ ಬಿತ್ತು

ಸಕಲೇಶಪುರ, ಮೂಡಿಗೆರೆ ಕಡೆ ಹಳೇ ತೋಟದ ಮನೆ ಇರುವವರು, ಅದರಲ್ಲಿ ಫೈರ್‌ಪ್ಲೇಸ್ ಇರುವವರು ಇದನ್ನೊಮ್ಮೆ ಓದಿ. ಚಳಿ ಶುರುವಾಗುವ ಮುಂಚೆ ಓದಿದರೆ ಇನ್ನೂ ಒಳ್ಳೇದು.

ನಮ್ಮದು ಸಕಲೇಶಪುರದಿಂದ ಒಂದಷ್ಟು ಒಳಗಿರುವ ತೋಟದ ಮನೆ. ನಮ್ಮ ಮಾವನವರ ತಂದೆ ಬಿಳಿ ದೊರೆಯೊಬ್ಬರಿಂದ ತೋಟದ ಜೊತೆಗೇ ಕೊಂಡಿದ್ದು. ದಪ್ಪ ಗೋಡೆ, ಮಂಗಳೂರು ಹಂಚು, ಹಾಲ್‌ನಲ್ಲಿ ಫೈರ್‌ಪ್ಲೇಸ್. ಅದರ ಇಟ್ಟಿಗೆ ಚಿಮಣಿ ಅಟ್ಟ ದಾಟಿ ಮಾಡಿನ ಮೇಲೆ ಎದ್ದಿದೆ. ನಾನು ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ ಆಯ್ತು. ಚಿಮಣಿ ಒಳಗೆ ಏನಿದೆ ಅಂತ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಮೊದಲೆಲ್ಲ ಮಳೆಗಾಲ ಮುಗಿದ ಮೇಲೆ ತೋಟದ ಆಳು ಒಬ್ಬರು ಮಾಡಿಗೆ ಹತ್ತುತ್ತಿದ್ದರಂತೆ. ಹಗ್ಗಕ್ಕೆ ಕಲ್ಲು ಕಟ್ಟಿ, ಅದರ ಸುತ್ತ ಮುಳ್ಳುಕಂಟಿ ಬಿಗಿದು, ಒಳಗೆ ಇಳಿಬಿಟ್ಟು ಎಳೆದಾಡುತ್ತಿದ್ದರಂತೆ. ಅವರು ತೀರಿಹೋದ ಮೇಲೆ ಆ ಕೆಲಸವೂ ನಿಂತುಹೋಯಿತು.

ಕಳೆದ ನವೆಂಬರ್‌ನಲ್ಲಿ ಹಾಲ್ ತುಂಬ ಹೊಗೆ ವಾಪಸ್ ಬರೋಕೆ ಶುರುವಾಯಿತು. ಡಿಸೆಂಬರ್ ರಜೆಗೆ ನಾದಿನಿ ಮಕ್ಕಳನ್ನು ಕರೆದುಕೊಂಡು ಬರುವವಳಿದ್ದಳು. ಮೊಬೈಲ್‌ನಲ್ಲಿ ‘ಚಿಮಣಿ ಕ್ಲೀನಿಂಗ್ ಹಾಸನ’ ಅಂತ ಹುಡುಕಿದೆ. ಹತ್ತಾರು ನಂಬರ್ ಬಂದವು. ನನ್ನ ಮೊದಲ ತಪ್ಪು ಇದೇ. ನಮ್ಮ ಕಡೆ ಚಿಮಣಿ ಕ್ಲೀನಿಂಗ್ ಅಂದರೆ ಗ್ಯಾಸ್ ಒಲೆ ಮೇಲೆ ಇರುತ್ತಲ್ಲ, ಆ ಕರೆಂಟ್ ಚಿಮಣಿ. ಫಿಲ್ಟರ್ ಬಿಚ್ಚಿ ಎಣ್ಣೆಜಿಡ್ಡು ತೊಳೆಯುವ ಕೆಲಸ. ಸೌದೆ ಉರಿಸುವ ಚಿಮಣಿಗೂ ಅದಕ್ಕೂ ಹೆಸರು ಬಿಟ್ಟರೆ ಬೇರೆ ಸಂಬಂಧವೇ ಇಲ್ಲ.

ಹಾಗಂತ ಫೋನ್‌ನಲ್ಲಿ ನಾನು ಮುಚ್ಚಿಟ್ಟಿರಲಿಲ್ಲ. ‘ಇದು ಇಟ್ಟಿಗೇದು, ಸೌದೆ ಹಾಕೋದು, ಆಗುತ್ತಾ?’ ಅಂತ ಕೇಳಿದ್ದೆ. ‘ಚಿಮಣಿ ಅಂದ್ರೆ ಚಿಮಣಿನೇ ಅಲ್ವಾ ಮೇಡಂ, ಎಲ್ಲಾ ಮಾಡ್ತೀವಿ’ ಅಂದರು. ಹೆಸರು ಹೇಳಲ್ಲ. ಈ ಮಾತು ಹೇಳುವವರು ಯಾರೇ ಆದರೂ ಫೋನ್ ಇಟ್ಟುಬಿಡಿ.

ಇಬ್ಬರು ಬಂದರು. ಒಂದು ವ್ಯಾಕ್ಯೂಮ್, ಎರಡು ಸ್ಪ್ರೇ ಬಾಟಲಿ, ಒಂದು ಗಿಡ್ಡ ಬ್ರಷ್. ಕೆಳಗಿನಿಂದ ಕೈ ಎಟುಕುವಷ್ಟು ಉಜ್ಜಿದರು. ಜಿಡ್ಡು ತೆಗೆಯುವ ಲಿಕ್ವಿಡ್ ಹೊಡೆದು ಒರೆಸಿದರು. ಅರ್ಧ ಬಕೆಟ್ ಮಸಿ ತೋರಿಸಿದರು. ಮುಂದಿನ ಇಟ್ಟಿಗೆ ಎಷ್ಟು ಕೆಂಪಾಗಿ ಹೊಳೀತಿತ್ತು ಅಂದರೆ ನಾನೇ ಫೋಟೋ ತೆಗೆದು ನಾದಿನಿಗೆ ಕಳಿಸಿದೆ. ಆಮೇಲೆ ‘ಮಳೆನೀರು, ಹಕ್ಕಿ ಒಳಗೆ ಬರುತ್ತೆ, ಟೋಪಿ ಹಾಕಿಸಿ’ ಅಂದರು. ಹುಡುಗ ಏಣಿ ಹತ್ತಿ ಚಿಮಣಿ ಬಾಯಿಗೆ ತಗಡಿನ ಟೋಪಿ ಕೂರಿಸಿದ. ಸುತ್ತ ಸಣ್ಣ ಕಣ್ಣಿನ ಜಾಲರಿ. ಟೋಪಿಗೂ ಬಾಯಿಗೂ ನಡುವೆ ನಾಲ್ಕು ಬೆರಳು ಜಾಗ. ಅಲ್ಲಿವರೆಗೆ ಹತ್ತಿದವನು ಒಂದು ಸಲ ಒಳಗೆ ಟಾರ್ಚ್ ಬಿಟ್ಟು ನೋಡಬಹುದಿತ್ತು. ನೋಡಲಿಲ್ಲ. ಕ್ಲೀನಿಂಗ್‌ಗೆ 4,000, ಟೋಪಿಗೆ 2,500. ‘ತಪಾಸಣೆ ಆಗಿದೆ, ಸುರಕ್ಷಿತ’ ಅಂತ ಸೀಲ್ ಹೊಡೆದ ಚೀಟಿ ಬೇರೆ. ಐದು ವರ್ಷ ತಲೆಬಿಸಿ ಬೇಡ ಅಂದು ಹೋದರು.

ಡಿಸೆಂಬರ್ ಕೊನೆಯಲ್ಲಿ ನಾದಿನಿ ಬಂದಳು. ಚಳಿ ಜಾಸ್ತಿ ಇತ್ತು. ಕಿಟಕಿ ಬಾಗಿಲು ಹಾಕಿ, ಬೆಂಕಿ ಮುಂದೆ ಕೂತು ಹರಟೆ. ರಾತ್ರಿ ಒಂಬತ್ತೂವರೆ ಹೊತ್ತಿಗೆ ನನಗೆ ತಲೆನೋವು. ಅತ್ತೆಗೂ ತಲೆ ಭಾರ. ನಾದಿನಿಯ ಚಿಕ್ಕ ಮಗ ವಾಂತಿ ಮಾಡಿಕೊಂಡ. ಸಂಜೆ ಪೇಟೆಯಲ್ಲಿ ತಿಂದ ಗೋಬಿ ಮೇಲೆ ತಪ್ಪು ಹೊರಿಸಿದೆವು. ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದರೆ ಸ್ವಲ್ಪ ಹೊತ್ತಿಗೆ ಸರಿಹೋದ. ಮಾರನೇ ದಿನವೂ ಅದೇ. ಮೂರನೇ ದಿನ ಗೋಬಿ ಇರಲಿಲ್ಲ, ಗಂಜಿ ಊಟ. ಆದರೂ ಅದೇ ಕಥೆ.

ಹಾಸನದ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎರಡೇ ಪ್ರಶ್ನೆ ಕೇಳಿದರು. ‘ಎಲ್ಲರಿಗೂ ಒಟ್ಟಿಗೇ ತಲೆನೋವು ಬರುತ್ತಾ? ಹೊರಗೆ ಹೋದರೆ ಕಡಿಮೆಯಾಗುತ್ತಾ?’ ಹೌದು ಅಂದೆ. ‘ಮೊದಲು ಎಲ್ಲರೂ ಮನೆಯಿಂದ ಆಚೆ ಬನ್ನಿ, ಆಮೇಲೆ ಮಾತಾಡಿ’ ಅಂದರು. ಅವರ ದನಿ ಕೇಳಿಯೇ ನನಗೆ ಕೈಕಾಲು ತಣ್ಣಗಾಯಿತು.

ಅದು ಕಾರ್ಬನ್ ಮಾನಾಕ್ಸೈಡ್. ಸೌದೆ ಸರಿಯಾಗಿ ಉರಿಯದಿದ್ದಾಗ ಜಾಸ್ತಿ ಬರುವ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ. ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತಂತೆ. ತಲೆನೋವು, ತಲೆಸುತ್ತು, ವಾಂತಿ ಆಮೇಲೆ ಮಂಪರು. ಮಂಪರಿನಲ್ಲಿ ಮಲಗಿಬಿಟ್ಟರೆ ಏಳದೇ ಹೋಗಬಹುದು. ಮುಚ್ಚಿದ ರೂಮಿನಲ್ಲಿ ಕೆಂಡದ ಬಾಣಲಿ ಇಟ್ಟುಕೊಂಡು ಮಲಗಿದವರು ಸಾಯುವುದೂ, ಗಾಳಿಯಾಡದ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಸಾಯುವುದೂ ಇದರಿಂದಲೇ.

ಬೆಳಗ್ಗೆ ನಮ್ಮ ಯಜಮಾನರು ಮಾಡು ಹತ್ತಿ ನೋಡಿದರು. ಆ ಜಾಲರಿಗೆ ಮಸಿ ಕೂತು ಕೂತು ಕರೀ ಕಂಬಳಿ ಹೊದಿಸಿದ ಹಾಗಾಗಿತ್ತು. ಬೆರಳು ಹಾಕಿದರೆ ಕಣ್ಣೇ ಸಿಗುತ್ತಿರಲಿಲ್ಲ. ಐದು ವಾರಕ್ಕೇ ಈ ಗತಿ. ಟೋಪಿ ಕಿತ್ತು ಕೆಳಗೆ ಎಸೆದರು. ಹೊಗೆ ಸರ್ರನೆ ಮೇಲೆ ಹೋಗೋಕೆ ಶುರುವಾಯಿತು. ಸಮಸ್ಯೆ ಮುಗೀತು ಅಂದುಕೊಂಡೆವು. ಎರಡನೇ ತಪ್ಪು.

ಸಂಕ್ರಾಂತಿ ಆದ ವಾರ. ಯಜಮಾನರು ಖುಷಿಯಲ್ಲಿ ಎರಡು ಒಣ ಕಾಫಿ ಬೊಡ್ಡೆ ಹಾಕಿ ದೊಡ್ಡ ಬೆಂಕಿ ಮಾಡಿದ್ದರು. ಊಟ ಮಾಡುತ್ತಿದ್ದೆವು. ಹಾಲ್ ಕಡೆಯಿಂದ ಒಂದು ಸದ್ದು. ಶಿರಾಡಿ ಘಾಟಿ ಹತ್ತುವ ಲೋಡ್ ಲಾರಿ ಗೋಡೆ ಒಳಗೇ ಬಂದ ಹಾಗೆ. ಗೋಡೆ ಮುಟ್ಟಿದರೆ ನಡುಗುತ್ತಿತ್ತು. ಅಂಗಳಕ್ಕೆ ಓಡಿದೆ. ಚಿಮಣಿ ತುದಿಯಲ್ಲಿ ದೀಪಾವಳಿ ಹೂಕುಂಡ ಹಚ್ಚಿದ ಹಾಗೆ ಕಿಡಿ, ಅದರ ನಡುವೆ ಆಳೆತ್ತರದ ಜ್ವಾಲೆ. ಕಿಡಿಗಳು ಹಂಚಿನ ಮೇಲೆ ಉದುರುತ್ತಿದ್ದವು.

ಯಜಮಾನರು ಬಕೆಟ್ ನೀರು ಹಿಡಿದು ಓಡಿ ಬಂದರು. ಎಂಬತ್ತೊಂದು ವರ್ಷದ ಮಾವ ಕುರ್ಚಿಯಿಂದಲೇ ಕೂಗಿದರು, ‘ಚಿಮಣಿಗೆ ನೀರು ಹಾಕ್ಬೇಡ್ವೋ, ಸೀಳಿ ಬೀಳುತ್ತೆ!’ ಅವರು ಹೇಳಿದ್ದು ಸರಿ. ಇಂಥ ಬೆಂಕಿ ಸಾವಿರ ಡಿಗ್ರಿ ದಾಟುತ್ತೆ. ತಣ್ಣೀರು ಬಿದ್ದರೆ ಕಾದ ಇಟ್ಟಿಗೆ ಒಡೆಯುತ್ತೆ. ಕೊಳ್ಳಿಗಳನ್ನು ಕಬ್ಬಿಣದ ಬಾಣಲಿಗೆ ಎಳೆದು ಬೂದಿ ಸುರಿದೆವು. ಫೈರ್‌ಪ್ಲೇಸ್ ಗೂಡಿನ ಬಾಯಿಗೆ ಜಿಂಕ್ ಶೀಟ್ ಒತ್ತಿ, ಸಂದಿಗೆ ಒದ್ದೆ ಗೋಣಿ ತುರುಕಿದೆವು. ಗಾಳಿ ನಿಂತ ಮೇಲೆ ಸದ್ದು ನಿಧಾನಕ್ಕೆ ಇಳಿಯಿತು. ಅಷ್ಟರಲ್ಲಿ ಅತ್ತೆ, ‘ಅಟ್ಟದಲ್ಲಿ ಏನೋ ಸುಟ್ಟ ವಾಸ್ನೆ’ ಅಂದರು. ಹತ್ತಿ ನೋಡಿದರೆ ಚಿಮಣಿಗೆ ತಾಗಿದ ಪಕಾಸಿ, ಅಂದರೆ ಹಂಚು ಹೊರುವ ಮರದ ತೊಲೆ, ಕೆಂಡವಾಗಿತ್ತು. ಅಲ್ಲಿಗೆ ಬಿಂದಿಗೆ ಬಿಂದಿಗೆ ನೀರು ಹಾಕಿದೆವು. ಒಂದು ಪಕಾಸಿ ಎರಡೂವರೆ ಅಡಿ ಸುಟ್ಟಿತು, ನಾಲ್ಕು ರೀಪು, ಒಂದಷ್ಟು ಹಂಚು ಹೋಯಿತು. ಫೈರ್ ಎಂಜಿನ್‌ನವರು ಬಂದು ಅಟ್ಟ ಪೂರ್ತಿ ತಡಕಾಡಿ, ಬೆಳಗಿನ ಜಾವದವರೆಗೆ ಒಬ್ಬರು ಎಚ್ಚರ ಇರಿ ಅಂದರು. ನಾವು ಎಲ್ಲರೂ ಇದ್ದೆವು. ಒಂದು ಮಾತು, ನಾವು ಕೊನೆಗೆ ಫೋನ್ ಮಾಡಿದ್ದು. ನೀವು ಮೊದಲೇ ಮಾಡಿ. 112 ಅಥವಾ 101.

ಆಮೇಲೆ ಹುಡುಕಿದ್ದು ಸುಣ್ಣದ ಗಾರೆ ಕೆಲಸ ಗೊತ್ತಿರುವ ವಯಸ್ಸಾದ ಒಬ್ಬ ಮೇಸ್ತ್ರಿಯನ್ನು. ಅಡಿಕೆ ಕೊಯ್ಯುವ ದೋಟಿ ತುದಿಗೆ ನನ್ನ ಮೊಬೈಲ್ ಕಟ್ಟಿಸಿದರು. ಟಾರ್ಚ್, ವಿಡಿಯೋ ಎರಡೂ ಆನ್ ಮಾಡಿ ಮೇಲಿನಿಂದ ನಿಧಾನಕ್ಕೆ ಇಳಿಸಿದರು. ಆ ವಿಡಿಯೋ ಈಗಲೂ ಇದೆ. ಮೊದಲ ಒಂದೆರಡು ಅಡಿ ಬರೀ ಮಸಿ. ಆಮೇಲೆ ಸುಟ್ಟ ಹಪ್ಪಳದ ಚೂರಿನ ಹಾಗೆ ಎದ್ದ ಕರೀ ಪದರ. ಅದಕ್ಕೂ ಕೆಳಗೆ, ಬೆಂಕಿ ತಾಗದೆ ಉಳಿದ ಒಂದು ಮೂಲೆಯಲ್ಲಿ, ಜೋನಿಬೆಲ್ಲ ಸುರಿದು ಆರಿದ ಹಾಗೆ ಕಪ್ಪಗೆ ಮಿರಮಿರ ಹೊಳೆಯುವ ಡಾಂಬರು. ಇದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಅಟ್ಟದ ಮಟ್ಟಕ್ಕೆ ಬಂದಾಗ ಒಂದು ಇಟ್ಟಿಗೆಯೇ ಇಲ್ಲ. ಆ ತೂತಿನಲ್ಲಿ ಪಕಾಸಿ ಕಾಣುತ್ತಿತ್ತು. ಸುತ್ತಲಿನ ಗಾರೆ ಉದುರಿ ಬೆರಳು ಹೋಗುವಷ್ಟು ಸಂದಿ.

‘ಅಮ್ಮಾವ್ರೆ, ಇದನ್ನ ಕ್ಲೀನ್ ಮಾಡಿದೀವಿ ಅಂದ್ರಾ?’ ಅಂತ ಮೇಸ್ತ್ರಿ ಎರಡು ಸಲ ಕೇಳಿದರು. ಅವರು ತೆಗೆದದ್ದು ಎರಡೂವರೆ ಚೀಲ. ಅದರಲ್ಲಿ ಒಂದು ಚೀಲ ಫೈರ್‌ಪ್ಲೇಸ್ ಹಿಂಬದಿ, ಚಿಮಣಿ ಶುರುವಾಗುವ ಕಡೆ ಇರುವ ಮೆಟ್ಟಿಲಿನಂಥ ಕಟ್ಟೆ ಮೇಲೆ ಬಿದ್ದಿದ್ದ ಹಳೇ ಹಕ್ಕಿಗೂಡಿನ ಕಸ. ಆ ಅರ್ಧ ಬಕೆಟ್ ನೆನಪಾಗಿ ಮೈ ಉರಿಯಿತು.

ಆದರೆ ಡಾಂಬರು ಕೂರಿಸಿದ್ದು ಅವರಲ್ಲ, ನಾವೇ. ಆಗಸ್ಟ್‌ನಲ್ಲಿ ಬಿದ್ದ ಸಿಲ್ವರ್ ಓಕ್ ಅನ್ನು ಡಿಸೆಂಬರ್‌ನಲ್ಲಿ ಉರಿಸುತ್ತಿದ್ದೆವು. ನಮ್ಮ ಮಳೆಗೆ ನಾಲ್ಕು ತಿಂಗಳಲ್ಲಿ ಅದು ಒಣಗುತ್ತಾ? ಸೀಳಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ಒಂದು ವರ್ಷ ಒಟ್ಟಬೇಕು. ಸೌದೆಯಲ್ಲಿ ನೀರಿನಂಶ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಇದರ ಮೇಲೆ ರಾತ್ರಿ ಬೂದಿ ಮುಚ್ಚಿ ಬೆಳಗಿನವರೆಗೆ ಕೆಂಡ ಉಳಿಸುವ ಅಭ್ಯಾಸ ಬೇರೆ. ಹಸಿ ಸೌದೆ, ಮಂದ ಬೆಂಕಿ, ತಣ್ಣಗಿನ ಚಿಮಣಿ ಮೂರೂ ಸೇರಿದರೆ ಹೊಗೆ ಗೋಡೆಗೆ ತಾಗಿ ಡಾಂಬರಾಗಿ ಕೂರುತ್ತೆ. ಅಡುಗೆಮನೆ ಅಟ್ಟದ ಇಲ್ಲಣ ನೋಡಿದವರಿಗೆ ಇದು ಹೊಸದೇನಲ್ಲ. ಟೋಪಿ ಇದ್ದಾಗ ಗಾಳಿ ಎಳೆಯದೆ ಇದು ಇನ್ನಷ್ಟು ಕೂತಿತು. ಟೋಪಿ ತೆಗೆದ ಮೇಲೆ ಗಾಳಿ ಜೋರಾಗಿ ಎಳೆಯಿತು, ಕಾಫಿ ಬೊಡ್ಡೆಯ ಕಾವು ಮೇಲೇರಿತು, ಡಾಂಬರು ಹತ್ತಿಕೊಂಡಿತು.

ಈಗ ಅಟ್ಟದಿಂದ ಮೇಲಿನ ಚಿಮಣಿ ಒಡೆದು ಹೊಸದಾಗಿ ಕಟ್ಟಿಸಿದ್ದೇವೆ. ಇಟ್ಟಿಗೆಗೂ ಮರಕ್ಕೂ ನಡುವೆ 2 ಇಂಚು ಬಿಡಿಸಿದೆವು. ವರ್ಷಗಟ್ಟಲೆ ಬಿಸಿ ತಿಂದ ಮರ ಎಷ್ಟೋ ಕಡಿಮೆ ಕಾವಿಗೇ ಹೊತ್ತಿಕೊಳ್ಳುತ್ತೆ. ಮಾಡು ದಾಟಿದ ಮೇಲೆ ಕನಿಷ್ಠ 3 ಅಡಿ ಎತ್ತರ, 10 ಅಡಿ ಸುತ್ತ ಇರುವ ಯಾವುದಕ್ಕಿಂತಲೂ 2 ಅಡಿ ಎತ್ತರ. ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಪೈಪು ಇಳಿಸುವಾಗ ಫ್ಯಾಬ್ರಿಕೇಟರ್ 6 ಇಂಚು ಸಾಕು ಅಂದ. ಒಪ್ಪಲಿಲ್ಲ. ತೆರೆದ ಗೂಡಾದರೆ ಅದರ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗವಾದರೂ ಹೊಗೆದಾರಿ ಬೇಕು. ನಮ್ಮದು ಎರಡೂವರೆ ಅಡಿಗೆ ಎರಡೂವರೆ ಅಡಿ, ಅಂದರೆ 900 ಚದರ ಇಂಚು. ಅದರ ಹತ್ತನೇ ಒಂದು 90 ಚದರ ಇಂಚು, ಅಷ್ಟಕ್ಕೆ 11 ಇಂಚು ವ್ಯಾಸದ ಪೈಪು. ಒಟ್ಟು ಖರ್ಚು ಎರಡು ಲಕ್ಷದ ಹತ್ತಿರ. 6,500 ಮೇಲೆ ಎರಡು ಲಕ್ಷ.

ಇದನ್ನೆಲ್ಲ ಕೇಳಿದ ಯಜಮಾನರ ಸ್ನೇಹಿತರೊಬ್ಬರು ಮಲ್ಪೆ ಹತ್ತಿರದ ತಮ್ಮ ಹಳೇ ಬಂಗಲೆಯ ಚಿಮಣಿ ಒಳಗೆ ನೋಡಿಸಿದರು. ಅಲ್ಲಿ ಕಥೆ ಬೇರೆ. ಡಾಂಬರು ಕಮ್ಮಿ, ಉಪ್ಪುಗಾಳಿಯ ಕಾಟ ಜಾಸ್ತಿ. ತಗಡಿನ ಟೋಪಿ ತುಕ್ಕು ಹಿಡಿದು ಒಳಗೇ ಕುಸಿದಿತ್ತು. ಇಟ್ಟಿಗೆ ಮುಖ ಉಪ್ಪು ಹೊಡೆದು ಪುಡಿಪುಡಿ. ಕರಾವಳಿಯವರು ಸ್ಟೀಲ್ ಹಾಕಿಸುವಾಗ 316 ಗ್ರೇಡ್ ಕೇಳಿ. ಉಪ್ಪನ್ನು ಅದು ಮಾಮೂಲಿ 304 ಗ್ರೇಡ್‌ಗಿಂತ ಚೆನ್ನಾಗಿ ತಡೆಯುತ್ತೆ. ಹಳೇ ಸುಣ್ಣದ ಗಾರೆ ಗೋಡೆಗೆ ಸಿಮೆಂಟ್ ಮೆತ್ತಿಸಬೇಡಿ, ತೇವ ಒಳಗೇ ಉಳಿದು ಇಟ್ಟಿಗೆ ತಿನ್ನುತ್ತೆ. ಇದು ಮಲ್ಪೆಗೂ ಸರಿ, ಸಕಲೇಶಪುರಕ್ಕೂ ಸರಿ.

ಯಾರನ್ನೇ ಕರೆಸಿ, ಮೊದಲು ಕೇಳಿ: ಮಾಡು ಹತ್ತುತ್ತೀರಾ, ಉದ್ದ ಕೋಲಿನ ಬ್ರಷ್ ಇದೆಯಾ, ಒಳಗಿನ ವಿಡಿಯೋ ತೋರಿಸುತ್ತೀರಾ, ಅಟ್ಟದೊಳಗೆ ಹೋಗಿ ನೋಡುತ್ತೀರಾ. ಒಂದಕ್ಕೆ ತಡವರಿಸಿದರೂ ಬೇಡ. ಮಿರಮಿರ ಹೊಳೆಯುವ ಡಾಂಬರು ಬ್ರಷ್‌ಗೆ ಬರಲ್ಲ, ಬರುತ್ತೆ ಅಂದವರನ್ನೂ ನಂಬಬೇಡಿ. ಅಮೆರಿಕದ ಬೆಂಕಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 211 ಅನ್ನೋ ಮಾನದಂಡ ವರ್ಷಕ್ಕೊಮ್ಮೆ ಚಿಮಣಿ ನೋಡಿಸಿ ಅನ್ನುತ್ತೆ. ನಮ್ಮ ತೋಟದ ಆಳು ಅದನ್ನು ಓದದೆಯೇ ಮಾಡುತ್ತಿದ್ದರು. ಹಾಲ್‌ಗೆ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ತಂದಿದ್ದೇನೆ, ಎರಡು ಸಾವಿರ ಚಿಲ್ಲರೆ ಆಯಿತು. ಹೊಗೆ ಅಲಾರಂ ಬೇರೆ, ಇದು ಬೇರೆ. ಡಬ್ಬದ ಮೇಲೆ ಓದಿ ತಗೊಳ್ಳಿ.

ನಮ್ಮ ಮೇಸ್ತ್ರಿಗೆ ಮೊಣಕಾಲು ನೋವು, ಮುಂದಿನ ವರ್ಷ ಮಾಡು ಹತ್ತಲ್ಲ ಅಂದಿದ್ದಾರೆ. ಹಾಸನ, ಚಿಕ್ಕಮಗಳೂರು ಕಡೆ ಸೌದೆ ಚಿಮಣಿ ಕೆಲಸ ನಿಜವಾಗಿ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅಡುಗೆಮನೆ ಚಿಮಣಿಯವರ ನಂಬರ್ ಬೇಡ, ನನ್ನ ಹತ್ತಿರ ಹತ್ತಾರಿವೆ.