ಗಂಗಾವತಿಯಲ್ಲಿ ಕೊಂಡ ಕವಾಟ

ಗಂಗಾವತಿಯ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ಕೊಂಡ ಪಂಪಿನ ಪೈಪಿನ ಕೆಳತುದಿಗೆ ಕೂರಿಸುವ ಹಿತ್ತಾಳೆಯ ಫುಟ್‌ವಾಲ್ವ್, ಎರಡು ಹಂಗಾಮು ಭತ್ತದ ಗದ್ದೆಗೆ ದುಡಿದ ಮೇಲೂ, ಪೈಪಿನ ನೀರನ್ನು ಬಾವಿಗೆ ಇಳಿಯಗೊಡದೆ ಹಿಡಿದು ನಿಲ್ಲಿಸುತ್ತಿದೆ. ಅಂಗಡಿಯವರು ಅದರ ಮೇಲ್ಬಾಯಿಗೆ ನೀರು ಹೊಯ್ದು, ಕೆಳಗಿನ ಜಾಲರಿಯಿಂದ ಒಂದು ಹನಿಯೂ ತೊಟ್ಟಿಕ್ಕದ್ದನ್ನು ತೋರಿಸಿಯೇ ಕೊಟ್ಟರು. ಆ ಶ್ರದ್ಧೆ ನನಗೆ ಬಹಳ ಹಿಡಿಸಿತು. ಬಾಗಿಲು ಎಂಬ ಅರ್ಥದ ಸಂಸ್ಕೃತದ ‘ಕವಾಟ’ವೇ ಕನ್ನಡದಲ್ಲಿ ಈ ಸಾಧನಕ್ಕೂ ಹೃದಯದೊಳಗಿನ ತಡೆಗೂ ಹೆಸರಾಗಿದೆ. ಹೃದಯದ 4 ಕವಾಟಗಳ ಪೈಕಿ ಬಲಗಡೆಯ ತ್ರಿದಳಕ್ಕೆ 3 ಎಸಳು, ಎಡಗಡೆಯ ದ್ವಿದಳಕ್ಕೆ 2; ಹೃತ್ಕುಕ್ಷಿ, ಅಂದರೆ ಹೃದಯದ ಕೆಳಕೋಣೆ, ಸಂಕುಚಿಸಿದಾಗ ರಕ್ತದ ಒತ್ತಡವೇ ಇವನ್ನು ಮುಚ್ಚುತ್ತದೆ, ನನ್ನ ವಾಲ್ವಿನ ರಬ್ಬರ್ ಮುಚ್ಚಳವನ್ನು ಮೇಲಿನ ನೀರಿನ ಭಾರ ಒತ್ತಿ ಕೂರಿಸುವ ಹಾಗೆಯೇ. ಕೊರತೆಯೊಂದೇ: ಜಾಲರಿಯ ಕಿಂಡಿಗಳು ದೊಡ್ಡವು. ಕಸ ಸಿಕ್ಕಿಕೊಂಡರೆ ಮುಚ್ಚಳ ಪೂರ್ತಿ ಕೂರದೆ, ಪಂಪಿಗೆ ಮತ್ತೆ ನೀರು ತುಂಬಿಸಬೇಕಾಗುತ್ತದೆ.