ಕಾಣೆಯಾದ ಮಕ್ಕಳನ್ನು ಹುಡುಕುವ ನಮ್ಮೂರಿನ ತಂಡ: ದುಡ್ಡು ಕೊಡಬಹುದಾ?

ಕೊಡಬಹುದು. ಆದರೆ ಡಬ್ಬಿಗೆ ಹಾಕಬೇಡಿ, ತಂಡದ ಟ್ರಸ್ಟಿನ ಅಕೌಂಟಿಗೆ ಹಾಕಿ.

ಅರಸೀಕೆರೆ ಸ್ಟೇಷನ್ ಹತ್ತಿರ ನನ್ನದು ಜೆರಾಕ್ಸ್ ಅಂಗಡಿ. ಬೆಂಗಳೂರು–ಹುಬ್ಬಳ್ಳಿ ಲೈನಿಗೆ ಹಾಸನದ ಲೈನು ಸೇರುವ ಜಂಕ್ಷನ್ ಇದು. ಈ ತಂಡದವರು 'ಕಾಣೆಯಾಗಿದ್ದಾರೆ' ಪೋಸ್ಟರ್ ಪ್ರಿಂಟ್ ಹಾಕಿಸೋದು ನನ್ನ ಹತ್ರವೇ. ಕಾಗದದ ಖರ್ಚಷ್ಟೇ ತಗೊಳ್ತೀನಿ, ಅದನ್ನು ಮೊದಲೇ ಹೇಳಿಬಿಡ್ತೀನಿ. ತಂಡದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಇಬ್ಬರು ಆಟೋದವರು, ಉಳಿದವರು ಕಾಲೇಜು ಹುಡುಗರು. ಯಾರಿಗೂ ಸಂಬಳ ಇಲ್ಲ. "ಇವರನ್ನ ನಂಬಬಹುದಾ ಅಕ್ಕಾ?" ಅಂತ ಗಿರಾಕಿಗಳು ಕೇಳ್ತಾನೇ ಇರ್ತಾರೆ.

ನನಗೆ ನಂಬಿಕೆ ಬಂದಿದ್ದು ಪೋಸ್ಟರ್ ನೋಡಿ. ಮಗುವಿನ ಫೋಟೋ, ಹೆಸರು, ವಯಸ್ಸು, ಹಾಕಿದ್ದ ಬಟ್ಟೆ, ಕೊನೆಗೆ ಕಂಡ ಜಾಗ. ಅದರ ಕೆಳಗೆ ಠಾಣೆಯ ಹೆಸರು, ಎಫ್‌ಐಆರ್ ನಂಬರ್, ಠಾಣೆಯ ಫೋನು, ಜೊತೆಗೆ ತುರ್ತು ಸಹಾಯದ 112 ಮತ್ತು ಮಕ್ಕಳ ಸಹಾಯವಾಣಿ 1098. ತಂಡದವರ ಮೊಬೈಲ್ ನಂಬರ್ ಇಲ್ಲ, ಕ್ಯೂಆರ್ ಕೋಡೂ ಇಲ್ಲ. ಸುಳಿವು ಸಿಕ್ಕವರು ನೇರವಾಗಿ ಪೊಲೀಸರಿಗೇ ಫೋನ್ ಮಾಡಬೇಕು, ಅಲ್ವಾ? ಒಬ್ಬ ತಾಯಿ ಬರೀ ಫೋಟೋ ಹಿಡಿದುಕೊಂಡು ಅಳುತ್ತಾ ಬಂದಾಗ ಮೇಷ್ಟ್ರು ಮೊದಲು ಅವರನ್ನು ಠಾಣೆಗೆ ಕರ್ಕೊಂಡು ಹೋದರು. "ನಾಳೆವರೆಗೂ ನೋಡಿ ಅಂದ್ರೆ ಒಪ್ಪಬೇಡಿ ತಾಯಿ" ಅಂದರು. ಮಗು ಕಾಣೆಯಾದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಮಗು ಸಿಕ್ಕಿದ ಮೇಲೆ ಏನು ಮಾಡ್ತಾರೆ ಅನ್ನೋದು ಇನ್ನೂ ಮುಖ್ಯ. ಸಿಕ್ಕ ಮಗುವನ್ನು ಯಾರೂ ತಮ್ಮ ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡಬೇಕು. ಇವರು 1098ಕ್ಕೆ ತಿಳಿಸಿ, ಪೊಲೀಸರ ಕೈಗೇ ಒಪ್ಪಿಸುತ್ತಾರೆ. ಮಗುವಿನ ಜೊತೆ ಸೆಲ್ಫಿ ಹಾಕಿದ್ದು ನಾನಂತೂ ನೋಡಿಲ್ಲ. ಮಗು ಸಿಕ್ಕ ಮೇಲೆ ಬಸ್ ಸ್ಟ್ಯಾಂಡ್ ಗೋಡೆಯ ಪೋಸ್ಟರನ್ನು ಆಟೋದವರೇ ನೀರು ಚಿಮುಕಿಸಿ, ನೆನೆಸಿ, ಬ್ಲೇಡಿನಲ್ಲಿ ಕೆರೆದು ತೆಗೀತಾರೆ. ಒಬ್ಬ ಹುಡುಗಿ ಸಿಕ್ಕ ಮೇಲೆ ನನ್ನ ಕಂಪ್ಯೂಟರಿನಲ್ಲಿದ್ದ ಪೋಸ್ಟರಿನ ಫೈಲನ್ನೂ ಮೇಷ್ಟ್ರು ಪಕ್ಕದಲ್ಲಿ ನಿಂತು ಡಿಲೀಟ್ ಮಾಡಿಸಿದರು, ರೀಸೈಕಲ್ ಬಿನ್ನಿಂದಲೂ. ಆ ಹುಡುಗಿ ನಾಳೆ ಇದೇ ಊರಲ್ಲಿ ಸ್ಕೂಲಿಗೆ ಹೋಗಬೇಕಲ್ವಾ? ಇಷ್ಟು ಯೋಚನೆ ಮಾಡೋರು ಕಡಿಮೆ.

ಲೆಕ್ಕದಲ್ಲಿ ಮಾತ್ರ ಶಿಸ್ತು ಸಾಲದು. ಟ್ರಸ್ಟ್ ಡೀಡ್ ತೋರಿಸಿದರು. ಪ್ಯಾನ್ ಕಾರ್ಡು, ಬ್ಯಾಂಕ್ ಅಕೌಂಟು ಎರಡೂ ಟ್ರಸ್ಟಿನ ಹೆಸರಲ್ಲೇ ಇವೆ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗೋ 80ಜಿ ಇಲ್ಲ, ಅದನ್ನು ಮುಚ್ಚಿಡದೆ ಹೇಳ್ತಾರೆ. ಆದರೆ ಹೋದ ವರ್ಷದ ಆಡಿಟ್ ರಿಪೋರ್ಟ್ ಕೇಳಿದರೆ "ಆಡಿಟರ್ ಹತ್ರ ಇದೆ" ಅನ್ನೋ ಉತ್ತರ. ಜಾತ್ರೆಯಲ್ಲಿ ಹಿಡಿದ ಡಬ್ಬಿಯ ದುಡ್ಡಿಗೆ ರಸೀದಿಯೇ ಇಲ್ಲ.

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಹೊಸದಾಗಿ ಸೇರೋ ಹುಡುಗರಿಗೆ ಪೊಲೀಸ್ ವೆರಿಫಿಕೇಷನ್ ಮಾಡಿಸ್ತೀರಾ ಅಂತ ಕೇಳಿದೆ. "ಎಲ್ಲಾ ಗೊತ್ತಿರೋ ಹುಡುಗರೇ" ಅಂದರು. ಹೆದರಿ ಕೂತ ಮಗುವಿನ ಹತ್ತಿರ ಹೋಗುವವರ ವಿಷಯದಲ್ಲಿ ಮುಖಪರಿಚಯ ಸಾಲದು. ಒಳ್ಳೆಯವರು ಅನ್ನೋದಕ್ಕೂ ಕಾಗದ ಬೇಕು. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದರೆ ಆಯ್ತು, ನಾನೇ ಹಾಕಿಕೊಡ್ತೀನಿ ಅಂದೆ. ಮೇಷ್ಟ್ರು ತಮ್ಮದನ್ನು ಮೊದಲು ಹಾಕಿಸಿದರು, ಆಮೇಲೆ ಆಟೋದವರದ್ದು. ಹುಡುಗರದ್ದು ಇನ್ನೂ ಬಾಕಿ ಇದೆ. ನೀವು ದುಡ್ಡು ಕೊಡುವಾಗ ರಸೀದಿಯ ಜೊತೆ ಇದನ್ನೂ ಕೇಳಿ.